ಅಕ್ಕನಿಗೆ ಗುರುತಿಟ್ಟು ಕೊಟ್ಟ ಪುಟ

—ಅಥವಾ ಅದು ನೂರ ನಲವತ್ತೆರಡನೆಯ ಪುಟ ಅಲ್ಲವೇನೋ. ಎಡಗಡೆಯ ಪುಟ, ಮೇಲಿನಿಂದ ಎರಡನೆಯ ಪ್ಯಾರಾ, ಇಷ್ಟು ಮಾತ್ರ ಕಣ್ಣಿಗೆ ಕಟ್ಟಿದೆ. ಸಂಖ್ಯೆಯ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಡಿ. ಅಂದು ಮಂಗಳವಾರವಿತ್ತು ಎನ್ನುತ್ತೇನೆ, ಅದನ್ನೂ ನಂಬಬೇಡಿ. ನಂಬಬೇಕಾದದ್ದು ಒಂದೇ. ನನ್ನ ಅಕ್ಕನ ಎರಡೂ ಕಿಡ್ನಿ ಹೋಗಿದ್ದವು, ನನ್ನವೆರಡೂ ನೆಟ್ಟಗಿದ್ದವು. ಒಂದು ಕೊಡು ಎಂದು ಅವಳು ಬಾಯಿ ತೆರೆಯುವ ಮೊದಲೇ ನಾನು ಅವಳ ಕೈಗೆ ಒಂದು ಪುಸ್ತಕ ಕೊಟ್ಟೆ. ಕಾಯಿಲೆಯ ಹೆಂಗಸೊಬ್ಬಳು ಒಡಹುಟ್ಟಿದವನ ಕಿಡ್ನಿಯನ್ನು ಬೇಡ ಎನ್ನುವ ಪುಟ ಅದರಲ್ಲಿತ್ತು. ಆ ಪುಟಕ್ಕೆ ಗುರುತಿಟ್ಟು ಕೊಟ್ಟೆ. ಬೇಕೆಂದೇ ಕೊಟ್ಟೆ.

ಇದನ್ನು ಇಷ್ಟು ನೇರವಾಗಿ ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಬೇರೆಲ್ಲವನ್ನೂ ಬರೆದೆ, ಚೆನ್ನಾಗಿಯೇ ಬರೆದೆ. ನನ್ನ ಮೇಲೆ ನನಗಿರುವ ಸಿಟ್ಟು ಅದೇ.

ನಾನು ಮಧುಗಿರಿಯಲ್ಲಿ ಹೈಸ್ಕೂಲಿನ ಕನ್ನಡ ಮೇಡಂ ಆಗಿದ್ದವಳು. ಈಗ ನಿವೃತ್ತಳು. ನಮ್ಮ ಕಡೆಯ ವಾರಪತ್ರಿಕೆಯೊಂದರಲ್ಲಿ ಪುಸ್ತಕಗಳ ಬಗ್ಗೆ ಅಂಕಣ ಬರೆಯುತ್ತೇನೆ. ಶಿರಾ, ಕೊರಟಗೆರೆ, ಪಾವಗಡದಿಂದೆಲ್ಲ ಫೋನು ಬರುತ್ತದೆ. 'ಮನೇಲಿ ಕಾಯಿಲೆ ಮೇಡಂ, ಧೈರ್ಯ ಬರೋ ಅಂಥ ಪುಸ್ತಕ ಯಾವುದಾದ್ರೂ ಹೇಳಿ' ಎನ್ನುತ್ತಾರೆ. ನಾನು ಹೇಳುತ್ತೇನೆ. ಹಾಸಿಗೆ ಹಿಡಿದ ತಾಯಿಯ ಕಾದಂಬರಿ, ಬುದ್ಧಿ ಬೆಳೆಯದ ಮಗಳ ಜೊತೆ ಬಾಳಿದ ತಂದೆಯ ನೆನಪುಗಳು, ಕ್ಯಾನ್ಸರ್ ಗೆದ್ದವರದು, ಗೆಲ್ಲದವರದು. 'ಬಳಲಿದ ಮನಸ್ಸಿಗೆ ದೀಪ' ಎಂದು ಬರೆಯುತ್ತೇನೆ. 'ನೋವು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ' ಎಂದೂ ಬರೆದಿದ್ದೇನೆ.

ಸುಳ್ಳು. ನೋವು ನನ್ನ ಅಕ್ಕನನ್ನು ದೊಡ್ಡವಳನ್ನಾಗಿ ಮಾಡಲಿಲ್ಲ. ಬಾಯಾರುವಂತೆ ಮಾಡಿತು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಕುಡಿಯುವ ಹಾಗಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿಕೊಂಡು, ಆಮೇಲೆ ಯಾರೂ ನೋಡದಾಗ ಆ ಬಟ್ಟೆಯನ್ನು ಹೀರುತ್ತಿದ್ದಳು. ಒಂದು ಸಲ ನಾನು ಅವಳೆದುರು ಮರೆತು ಗಟಗಟ ನೀರು ಕುಡಿದೆ. 'ನನ್ ಮುಂದೇನೇ ಕುಡೀಬೇಕಾ ಮುಂಡೆ, ಆಚೆ ಹೋಗಿ ಕುಡಿ' ಎಂದು ಕೈಗೆ ಸಿಕ್ಕ ಲೋಟ ಎಸೆದಳು. ಲೋಟ ನನಗೆ ತಗುಲಲಿಲ್ಲ, ಗೋಡೆಗೆ ತಗುಲಿತು. ಈ ಲೋಟ ನನ್ನ ಅಂಕಣದಲ್ಲಿ ಬಂದಿಲ್ಲ.

ಅಕ್ಕನ ಹೆಸರು ರತ್ನಮ್ಮ. ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆ ಕೊಟ್ಟಿದ್ದರು. ಭಾವ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಭಾಗ್ಯ. ಅಲ್ಲಿಯೇ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತಾಳೆ.

ನಮ್ಮಿಬ್ಬರ ನಡುವೆ ಪುಸ್ತಕ ಹೇಗೆ ಬಂತು ಎಂಬುದನ್ನು ಹೇಳದಿದ್ದರೆ ನಾನು ಮಾಡಿದ್ದು ಎಷ್ಟು ಕೆಟ್ಟದ್ದೆಂದು ನಿಮಗೆ ತಿಳಿಯುವುದಿಲ್ಲ. ನಮ್ಮ ಅವ್ವ ಹಾಸಿಗೆ ಹಿಡಿದಾಗ ಅಕ್ಕ ನಾಲ್ಕನೇ ಕ್ಲಾಸಿನಲ್ಲಿದ್ದಳು. ಸ್ಕೂಲು ಬಿಟ್ಟಳು— ಬಿಡಿಸಿದರು. ನಾನು ಓದಿದೆ. ಸ್ಕೂಲಿನಿಂದ ಕಥೆಪುಸ್ತಕ ತಂದರೆ ಅಕ್ಕ ಒಲೆಯ ಮುಂದಿನಿಂದಲೇ ಕೈ ಚಾಚುತ್ತಿದ್ದಳು. ಅವಳು ಓದುವುದು ಬೆರಳಿಟ್ಟು, ಒಂದೊಂದೇ ಅಕ್ಷರ. 'ಎಲ್ಲಾ ಓದ್ಕಂತ ಕುಂತ್ರೆ ಮುದ್ದೆ ತಿರುವೋರ್ ಯಾರೇ? ಎಲ್ ಚೆಂದಾಗೈತೋ ಅಲ್ಲೊಂದ್ ಕಡ್ಡಿ ಇಕ್ಕೊಡು' ಎನ್ನುತ್ತಿದ್ದಳು. ನಾನು ಪೊರಕೆಯಿಂದ ಒಂದು ಕಡ್ಡಿ ಮುರಿದು, ಆ ಪುಟದಲ್ಲಿಟ್ಟು ಕೊಡುತ್ತಿದ್ದೆ. ಅವಳು ಅದೊಂದು ಪುಟ ಓದಿ, ನಗಬೇಕಾದಲ್ಲಿ ನಕ್ಕು, ಕಡ್ಡಿಯ ಸಮೇತ ವಾಪಸು ಕೊಡುತ್ತಿದ್ದಳು. ಮದುವೆಯಾದ ಮೇಲೂ ಇದು ನಿಲ್ಲಲಿಲ್ಲ. ಪೊರಕೆ ಕಡ್ಡಿಯ ಬದಲು ಬಸ್ ಟಿಕೆಟ್ಟಾಯಿತು, ಅಷ್ಟೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಕ್ಕ ಓದಿದ್ದು ನಾನು ಗುರುತಿಟ್ಟ ಪುಟಗಳನ್ನು ಮಾತ್ರ. ಪುಸ್ತಕದ ಉಳಿದದ್ದರಲ್ಲಿ ಏನಿದೆ ಎಂದು ಒಂದು ಸಲವೂ ಕೇಳಿದವಳಲ್ಲ. ನಾನು ಒಳ್ಳೆಯದನ್ನೇ ಇಟ್ಟಿರುತ್ತೇನೆಂಬ ನಂಬಿಕೆ.

ವಾರಕ್ಕೆರಡು ಸಲ ಶಿರಾಕ್ಕೆ ಡಯಾಲಿಸಿಸ್‌ಗೆ ಬರುತ್ತಿದ್ದಳು. ನಾನು ಮಧುಗಿರಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ನಾಲ್ಕು ಗಂಟೆ ಮಿಷನ್ನಿನ ಪಕ್ಕದಲ್ಲಿ ಕೂತು ಏನಾದರೂ ಓದಿ ಹೇಳುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಶಿರಾದ ಬಾಷಾ ಸಾಬರು, ಬಳೆ ಅಂಗಡಿಯವರು. ಕೈಯಲ್ಲಿ ಎರಡು ಸೂಜಿ ಚುಚ್ಚಿಸಿಕೊಂಡು ಮಲಗಿದ್ದರೂ ಅವರ ಬಾಯಿ ಮಲಗುತ್ತಿರಲಿಲ್ಲ.

'ಮೇಡಂ, ನಿಮ್ ಬುಕ್ಕಲ್ಲಿ ಪೇಷಂಟು ಸಾಯ್ತಾನಾ ಬದುಕ್ತಾನಾ, ಮೊದ್ಲು ಅದ್ ಹೇಳ್ಬಿಡಿ. ಸಾಯೋದಾದ್ರೆ ನಂಗ್ ಓದೋ ಜರೂರತ್ ಇಲ್ಲ, ಆ ಕೆಲ್ಸ ನಾನೇ ಮಾಡ್ಕೊಂತೀನಿ.'

ಅಕ್ಕ ನಗುತ್ತಿದ್ದಳು. 'ಬುಡಿ ಸಾಬ್ರೆ, ನೀವ್ ಸತ್ರೆ ಈ ಮಿಷನ್ನೂ ಬ್ಯಾಸರ ಮಾಡ್ಕಂತದೆ.'

ಅವಳು ಹಾಗೆ ನಕ್ಕದ್ದು ಒಂದೇ ಸಲವೋ, ದಿನಾ ನಗುತ್ತಿದ್ದಳೋ. ಒಂದೇ ಸಲವಿರಬೇಕು. ನಾನು ಅದನ್ನು ಹಿಗ್ಗಿಸಿ ಎರಡು ವರ್ಷಕ್ಕೆ ಹೊದಿಸಿದ್ದೇನೆ.

ಬೇರೆಯವರು ಕಿಡ್ನಿ ಕೊಟ್ಟರೆ ಹಾಕಬಹುದು ಎಂದು ಡಾಕ್ಟರು ಹೇಳಿದಾಗ ಭಾಗ್ಯ ಮುಂದೆ ಬಂದಳು. ಅವಳ ರಕ್ತದ ಗುಂಪು ಹೊಂದಲಿಲ್ಲ. 'ಒಡಹುಟ್ಟಿದವರು ಯಾರಾದರೂ ಇದ್ದಾರಾ?' ಎಂದು ಡಾಕ್ಟರು ಕೇಳಿದರು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ನನ್ನ ಕಡೆ ನೋಡಿದಳು— ಇಲ್ಲ, ನೋಡಲಿಲ್ಲ. ಈ ಒಂದು ಕ್ಷಣವನ್ನು ನಾನು ಎರಡು ರೀತಿಯಲ್ಲೂ ನೆನಪಿಟ್ಟುಕೊಂಡಿದ್ದೇನೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ, ಆದ್ದರಿಂದ ಎರಡೂ ಕೆಲಸಕ್ಕೆ ಬಾರವು. ನಮ್ಮಿಬ್ಬರ ಗುಂಪೂ ಒಂದೇ ಎಂದು ನನಗೆ ಗೊತ್ತಿತ್ತು. ಸ್ಕೂಲಿನ ರಕ್ತದಾನದ ಕಾರ್ಡು ನನ್ನ ಪರ್ಸಿನಲ್ಲೇ ಇತ್ತು. ಬಾಯಿ ಬಿಡಲಿಲ್ಲ. 'ಮನೆಯಲ್ಲಿ ಮಾತಾಡಿಕೊಂಡು ಬನ್ನಿ' ಎಂದರು ಡಾಕ್ಟರು.

ಮನೆಯಲ್ಲಿ ಮಾತಾಡಲು ನನಗೆ ಯಾರಿದ್ದರು? ಗಂಡ ಒಪ್ಪಲಿಲ್ಲ ಎನ್ನಲು ಗಂಡನಿಲ್ಲ. ಮಕ್ಕಳ ಗತಿ ಏನು ಎನ್ನಲು ಮಕ್ಕಳಿಲ್ಲ. ನನಗೆ ಅಡ್ಡ ಬಂದವರು ಯಾರೂ ಇಲ್ಲ. ಹೆದರಿಕೆ ಇತ್ತು. ಹೊಟ್ಟೆ ಕೊಯ್ಯುತ್ತಾರೆಂಬ ಹೆದರಿಕೆ, ಆಮೇಲೆ ನಾನೂ ಆ ಮಿಷನ್ನಿಗೆ ಬಂದರೆ ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ— ಇದನ್ನು ಬರೆಯಲು ಕೈ ಬರುತ್ತಿಲ್ಲ, ಬರೆಯುತ್ತೇನೆ— ಇಲ್ಲ ಎನ್ನುವವಳಾಗಿ ಊರಿನವರ ಬಾಯಿಗೆ ಬೀಳುವ ಹೆದರಿಕೆ. ಕೊಡಲೂ ಬಾರದು, ಕೊಡಲಿಲ್ಲ ಅನ್ನಿಸಿಕೊಳ್ಳಲೂ ಬಾರದು. ಅದಕ್ಕೆ ಒಂದೇ ದಾರಿ: ಬೇಡ ಎನ್ನುವ ಮಾತು ಅಕ್ಕನ ಬಾಯಿಂದಲೇ ಬರಬೇಕು.

ಪುಸ್ತಕ ನನ್ನ ಬಳಿ ಮೊದಲೇ ಇತ್ತು. ನೀಲಿ ರಟ್ಟಿನದು. ಕಿಡ್ನಿ ಕಾಯಿಲೆಯ ಹೆಂಗಸೊಬ್ಬಳು ತಾನೇ ಬರೆದ ಆತ್ಮಕಥನ. ಒಳ್ಳೆಯ ಪುಸ್ತಕ, ಪುಸ್ತಕದ ಮೇಲೆ ನನಗೆ ದೂರಿಲ್ಲ. ಅದರ ನಡುವಿನಲ್ಲಿ, ನಾನು ನೂರ ನಲವತ್ತೆರಡು ಎನ್ನುವ ಆ ಪುಟದಲ್ಲಿ, ಅವಳ ತಮ್ಮ ಕಿಡ್ನಿ ಕೊಡಲು ಬರುತ್ತಾನೆ. ಅವಳು ಅವನ ತಲೆ ಸವರಿ ಬೇಡ ಅನ್ನುತ್ತಾಳೆ. ತನ್ನ ನೋವನ್ನು ತಮ್ಮನ ಒಡಲಿಗೆ ಹಂಚಲಾರೆ ಎನ್ನುವ ಅರ್ಥದ ಮಾತು. ಓದಿದವರು ಅಲ್ಲಿಗೇ ಪುಸ್ತಕ ಮುಚ್ಚಿ ಕೂರುತ್ತಾರೆ. ಸರಿಯಾಗಿ ಅಂಥ ಪುಟವನ್ನೇ ಆರಿಸಿದೆ. ನನ್ನ ವೃತ್ತಿಯೇ ಅದು.

ಆ ಪುಸ್ತಕದಲ್ಲಿ ಇನ್ನೊಂದು ಪುಟವಿದೆ. ನೂರ ಎಪ್ಪತ್ತೊಂದು. ಈ ಸಂಖ್ಯೆಯ ಬಗ್ಗೆ ನನಗೆ ಅನುಮಾನವಿಲ್ಲ. ಅಲ್ಲಿ ಆ ಹೆಂಗಸು ಒಪ್ಪಿಕೊಳ್ಳುತ್ತಾಳೆ: ಬೇಡ ಎಂದದ್ದು ಬಾಯಿಮಾತು. ತಮ್ಮ ಇನ್ನೊಂದು ಸಲ ಬಂದು ಕೇಳಲಿ ಎಂದು ಪ್ರತಿದಿನ ಬಾಗಿಲ ಕಡೆ ನೋಡುತ್ತಿದ್ದಳಂತೆ. ಕೇಳಿದ್ದರೆ ಹೂಂ ಎನ್ನುತ್ತಿದ್ದಳಂತೆ. ಅವನು ಕೇಳಲಿಲ್ಲ.

ಈ ಪುಟವನ್ನು ನಾನು ಓದಿದ್ದೆ. ಅಕ್ಕನಿಗೆ ಕೊಡುವ ಮೊದಲೇ ಓದಿದ್ದೆ. ಗೊತ್ತಿದ್ದೂ ಟಿಕೆಟ್ಟನ್ನು ಆ ಪುಟದಲ್ಲಿಟ್ಟೆ, ಈ ಪುಟದಲ್ಲಿಡಲಿಲ್ಲ.

ಮುಂದಿನ ವಾರ— ಅಥವಾ ಅದರ ಮುಂದಿನ ವಾರ— ಅಕ್ಕ ಮಿಷನ್ನಿನ ಮೇಲೆ ಮಲಗಿದ್ದಾಗ ನನ್ನನ್ನು ಹತ್ತಿರ ಕರೆದಳು.

'ಗಿರಿಜಾ, ಒಂದ್ ಮಾತ್ ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಡಾಕ್ಟ್ರು ಏನಾರ ಕೇಳುದ್ರೆ ನೀನು ಕೊಡ್ತೀನಿ ಅಂತ ಮುಂದುಕ್ ಬರ್ಬ್ಯಾಡ ಕಣೆ. ಆ ಪುಸ್ತಕ್ದಾಗೆ ಆವಮ್ಮ ಏನಂದವ್ಳೋ ನಂದೂ ಅದೇಯ.'

ಆಗ ನಾನು ಏನು ಮಾಡಿದೆ ಗೊತ್ತೇ? ಅವಳು ಬೇಡ ಎಂದ ಮೇಲೆ, ಬಾಗಿಲು ಭದ್ರವಾಗಿ ಮುಚ್ಚಿದ ಮೇಲೆ, ಧೈರ್ಯವಾಗಿ ತಟ್ಟಿದೆ. 'ಯಾಕಕ್ಕಾ ಹಂಗಂತೀಯಾ, ನಾನಿಲ್ವಾ? ನಾನ್ ಕೊಡ್ತೀನಿ' ಎಂದೆ. ಕಣ್ಣಲ್ಲಿ ನೀರೂ ತಂದುಕೊಂಡೆ. ನಿಜವಾದ ನೀರೇ.

'ಬ್ಯಾಡ ಅಂದ್ನಲ್ಲ. ಬುಡು' ಎಂದಳು.

ಬಿಟ್ಟೆ. ಇನ್ನೊಂದು ಸಲ ಕೇಳಲಿಲ್ಲ. ಅಂದು ಮಧುಗಿರಿಗೆ ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಕಡ್ಲೆಕಾಯಿ ಕೊಂಡು ತಿಂದೆ. ಇದು ಮಾತ್ರ ಖಂಡಿತ ನೆನಪಿದೆ. ಹಗುರವಾಗಿದ್ದೆ. ಹಸಿವಾಗಿತ್ತು.

ಅಕ್ಕ ಆಮೇಲೆ ಪೂರ್ತಿ ಎರಡು ವರ್ಷವೂ ಬದುಕಲಿಲ್ಲ. ಕೊನೆಕೊನೆಗೆ ನಾನು ವಾರ್ಡಿನೊಳಗೆ ಹೋದರೆ ಬಾಗಿಲ ಕಡೆಯೇ ನೋಡುತ್ತಿರುತ್ತಿದ್ದಳು. ಎಲ್ಲ ರೋಗಿಗಳೂ ಬಾಗಿಲ ಕಡೆ ನೋಡುತ್ತಾರೆ, ನರ್ಸ್ ಬರುವುದು ಅಲ್ಲಿಂದಲೇ. ಇದನ್ನು ಈಗ ನಾನು ಸೇರಿಸುತ್ತಿದ್ದೇನೆಯೋ, ಆಗಲೇ ನೋಡಿದ್ದೆನೋ. ನೂರ ಎಪ್ಪತ್ತೊಂದನ್ನು ಓದಿದ ನನಗೆ ಬಾಗಿಲೆಲ್ಲ ಹಾಗೇ ಕಾಣುತ್ತದೆ.

ಅವಳು ತೀರಿಕೊಂಡ ತಿಂಗಳಲ್ಲೇ ಅಂಕಣ ಬರೆದೆ. ಅಕ್ಕನ ಬಗ್ಗೆ, ನೀಲಿ ಪುಸ್ತಕದ ಬಗ್ಗೆ. ಓದು ಬಾರದ ಹಳ್ಳಿ ಹೆಂಗಸೊಬ್ಬಳು— ಓದು ಬಾರದ ಎಂದು ಬರೆದೆ, ಬೆರಳಿಟ್ಟು ಓದುತ್ತಿದ್ದವಳನ್ನು!— ಒಂದು ಪುಸ್ತಕದಿಂದ ಎಷ್ಟು ಎತ್ತರಕ್ಕೆ ಏರಿದಳು, ತಂಗಿಯ ತ್ಯಾಗವನ್ನು ಹೇಗೆ ನಗುನಗುತ್ತ ನಿರಾಕರಿಸಿದಳು ಎಂದು. ತಂಗಿಯ ತ್ಯಾಗ. ಆ ಎರಡು ಪದಗಳನ್ನು ಕೂಡಿಸಿದ ಕೈಯನ್ನು ಏನು ಮಾಡಬೇಕೋ ನನಗೆ ತಿಳಿಯದು. ಆ ಅಂಕಣಕ್ಕೆ ಬಂದಷ್ಟು ಫೋನು ಯಾವುದಕ್ಕೂ ಬಂದಿಲ್ಲ. ಅತ್ತೆವು ಮೇಡಂ ಎಂದರು. ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಹೇಳಿದೆ. ಪುಟದ ಸಂಖ್ಯೆಯನ್ನೂ ಹೇಳಿದೆ.

ಕೆಲವು ತಿಂಗಳ ಮೇಲೆ ಕೊರಟಗೆರೆಯಿಂದ ಒಬ್ಬರು ಫೋನು ಮಾಡಿದರು. ಅವರ ಅಣ್ಣನಿಗೂ ಅದೇ ಕಾಯಿಲೆ.

'ನೀವ್ ಬರ್ದಿದ್ರಲ್ಲ ಮೇಡಂ, ಆ ಪುಸ್ತಕ ತಂದು ನಮ್ಮಣ್ಣಂಗೆ ಕೊಟ್ಟೆ. ನೀವ್ ಹೇಳಿದ್ ಪುಟಾನೇ ತೋರಿಸ್ದೆ. ಓದ್ಬುಟ್ಟು ಅವ್ನೂ ಬ್ಯಾಡ ಅಂದ್ಬುಟ್ಟ ಕಣಮ್ಮ. ದೊಡ್ ಮನ್ಸು ಅವುಂದು.'

ಆ ದನಿ. ಆ ದನಿಯ ಹಗುರ ನನಗೆ ಗೊತ್ತು. ಅದರಲ್ಲಿ ಕಡ್ಲೆಕಾಯಿಯ ವಾಸನೆ ಇತ್ತು. 'ಮುಂದೆಯೂ ಓದಿ, ನೂರ ಎಪ್ಪತ್ತೊಂದನ್ನೂ ತೋರಿಸಿ, ಇನ್ನೊಂದು ಸಲ ಹೋಗಿ ಕೇಳಿ' ಎಂದು ಕಿರುಚಬೇಕಿತ್ತು. 'ಒಳ್ಳೆಯದಾಗಲಿ' ಎಂದು ಫೋನು ಇಟ್ಟೆ. ಅವರ ನಂಬರನ್ನು ಉಳಿಸಿಕೊಳ್ಳಲಿಲ್ಲ. ಆ ಅಣ್ಣ ಇದ್ದಾನೋ ಇಲ್ಲವೋ.

ಈಗ ಈ ಬರಹಕ್ಕೆ ಕಾರಣ. ಹೋದ ತಿಂಗಳು ಭಾಗ್ಯ ಮಧುಗಿರಿಗೆ ಬಂದಳು. ಅವಳ ಲೈಬ್ರರಿಯಲ್ಲಿ ಒಂದು ಕಪಾಟು ಬಿಡಿಸಿದ್ದಾಳೆ. ಮನೆಯಲ್ಲಿ ಕಾಯಿಲೆ ಇರುವವರಿಗಾಗಿಯೇ. ಕಾದಂಬರಿ, ಆತ್ಮಕಥೆ, ಸಂಸಾರದ ಕಷ್ಟಸುಖ ಬರೆದವು. ಕಪಾಟಿಗೆ ಅವಳ ಅವ್ವನ ಹೆಸರು.

'ಹತ್ತು ಪುಸ್ತಕ ಆರ್ಸಿ ಕೊಡ್ಬೇಕು ಚಿಕ್ಕಮ್ಮ. ಒಂದೊಂದಕ್ಕೂ ನಾಲ್ಕು ಸಾಲು ಬರ್ಕೊಡಿ. ಮೊದ್ಲನೇದು ಇದೇ ಇರ್ಲಿ' ಎಂದು ಚೀಲದಿಂದ ನೀಲಿ ಪುಸ್ತಕ ತೆಗೆದಳು. ಅಕ್ಕನ ಪ್ರತಿ. ರಟ್ಟಿನ ಮೂಲೆ ನೀರು ತಾಗಿ ಉಬ್ಬಿತ್ತು. 'ಅವ್ವನ್ ದಿಂಬಿನ್ ಕೆಳ್ಗೆ ಇತ್ತು. ಕೊನೇ ತನ್ಕ ಇತ್ತು. ನೀವು ಇದ್ನ ಕೊಡ್ದೇ ಹೋಗಿದ್ರೆ ಅವ್ವ ಅಷ್ಟ್ ಗಟ್ಟಿಯಾಗಿ ಇರ್ತಾನೇ ಇರ್ಲಿಲ್ಲ.'

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಭಾಗ್ಯಳ ಮೇಲೆ! ಯಾಕಮ್ಮಾ ಇಷ್ಟು ನಂಬುತ್ತೀಯ, ನಿಮ್ಮವ್ವನ ಹಾಗೆಯೇ ನಂಬುತ್ತೀಯಲ್ಲ ಎಂದು. 'ಕಾಫಿ ಕುಡೀತೀಯಾ' ಎಂದು ಗದರಿದಂತೆ ಕೇಳಿ ಒಳಗೆ ಹೋದೆ.

ಹಾಲು ಕಾಯುವಾಗ ಪುಸ್ತಕ ಬಿಚ್ಚಿದೆ. ಒಳಗೆ ಒಂದು ಚೀಟಿ. ಬಸ್ ಟಿಕೆಟ್ಟು, ಮಿಷನ್ನಿನಿಂದ ಹರಿದುಕೊಡುವ ತೆಳ್ಳನೆಯದು, ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ಟಿರಬೇಕು. ಅದಿದ್ದದ್ದು ನಾನಿಟ್ಟಲ್ಲಿ ಅಲ್ಲ. ನೂರ ಎಪ್ಪತ್ತೊಂದನೆಯ ಪುಟದಲ್ಲಿ.

ಹಾಲು ಉಕ್ಕಿತು. 'ಚಿಕ್ಕಮ್ಮಾ, ಸೀದ್ ವಾಸ್ನೆ' ಎಂದಳು ಭಾಗ್ಯ ಹೊರಗಿನಿಂದ.

ಟಿಕೆಟ್ಟಿನ ಅಕ್ಷರಗಳು ಪೂರ್ತಿ ಮಾಸಿವೆ. ಆ ಕಾಗದವೇ ಹಾಗೆ, ವರ್ಷದಲ್ಲಿ ಬೆಳ್ಳಗಾಗುತ್ತದೆ. ದೀಪಕ್ಕೆ ಹಿಡಿದೆ, ಭೂತಗನ್ನಡಿ ಹಿಡಿದೆ. ಮಧುಗಿರಿಯಿಂದ ಶಿರಾಕ್ಕೆ ಹೋಗುವಾಗ ನಾನು ಪಡೆದದ್ದೋ, ಹುಲಿಕುಂಟೆಯಿಂದ ಶಿರಾಕ್ಕೆ ಬರುವಾಗ ಅಕ್ಕ ಪಡೆದದ್ದೋ ಗೊತ್ತಾಗುವಂತಿಲ್ಲ. 'ಇದರೊಳಗಿನ ಚೀಟಿ ನೀನೇನಾದರೂ ತೆಗೆದಿಟ್ಟೆಯಾ?' ಎಂದು ಭಾಗ್ಯಳನ್ನು ಕೇಳಿದೆ. ಯಾವ ಚೀಟಿ ಎಂದಳು. ಒಂದೆರಡು ಸಲ ದಿಂಬು ಜಾಡಿಸುವಾಗ ಪುಸ್ತಕ ಕೆಳಗೆ ಬಿದ್ದದ್ದುಂಟಂತೆ. ಎತ್ತಿ ಇಟ್ಟದ್ದು ಅವಳೋ ನರ್ಸೋ, ನೆನಪಿಲ್ಲವಂತೆ.

ಇಷ್ಟೇ ನನ್ನ ಕೈಯಲ್ಲಿರುವುದು. ನನ್ನ ಟಿಕೆಟ್ಟೇ ಜಾರಿ ಬಿದ್ದು, ಯಾರೋ ಕೈಗೆ ಸಿಕ್ಕ ಪುಟದಲ್ಲಿ ಸಿಕ್ಕಿಸಿರಬಹುದು. ಇಲ್ಲವೇ ಅಕ್ಕ ತನ್ನ ಬದುಕಿನಲ್ಲಿ ಮೊದಲ ಸಲ, ನಾನು ಗುರುತಿಟ್ಟ ಪುಟದಾಚೆಗೆ ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ, ಇಪ್ಪತ್ತೊಂಬತ್ತು ಪುಟ ನಡೆದಿರಬಹುದು. ನಡೆದು, ಅಲ್ಲಿ ನಿಂತು, ತನ್ನ ಟಿಕೆಟ್ಟನ್ನು ಇಟ್ಟು, ಬಾಗಿಲ ಕಡೆ ನೋಡಿರಬಹುದು.

ಕಥೆ ಬರೆಯುವವಳಾಗಿದ್ದರೆ ಎರಡನೆಯದನ್ನು ಆರಿಸುತ್ತಿದ್ದೆ. ಚೆಂದವಾಗಿ ಮುಗಿಯುತ್ತದೆ, ನನಗೆ ತಕ್ಕ ಶಿಕ್ಷೆಯೂ ಆಗುತ್ತದೆ. ಶಿಕ್ಷೆಯಾದರೆ ಒಂಥರಾ ನೆಮ್ಮದಿ. ಆ ನೆಮ್ಮದಿಯನ್ನೂ ನಾನು ತೆಗೆದುಕೊಳ್ಳಬಾರದು. ಒಂದು ಸಲ ಅವಳಿಗೆ ಬೇಕಾದ ಪುಟವನ್ನು ಬಿಟ್ಟು ನನಗೆ ಬೇಕಾದ ಪುಟವನ್ನು ಆರಿಸಿದವಳು ನಾನು.

ಭಾಗ್ಯಾ, ನೀನು ಕೇಳಿದ ಹತ್ತು ಪುಸ್ತಕಗಳ ಪಟ್ಟಿ ನನ್ನಿಂದ ಆಗುವುದಿಲ್ಲ. ನಾಲ್ಕು ನಾಲ್ಕು ಸಾಲೂ ಆಗುವುದಿಲ್ಲ. ಅದರ ಬದಲು ಇದನ್ನು ನಿನಗೆ ಕೊಡುತ್ತಿದ್ದೇನೆ. ಮೊದಲು ನೀನು ಓದು, ಆಮೇಲೆ ಪತ್ರಿಕೆಗೆ ಕಳಿಸುತ್ತೇನೆ, ನನ್ನ ಅಂಕಣದ ಜಾಗದಲ್ಲೇ ಬರಲಿ. ಕೊರಟಗೆರೆಯ ಆ ತಮ್ಮ ಪತ್ರಿಕೆ ಓದುವವನು, ಅವನಿಗೂ ತಲುಪಲಿ. ನೀಲಿ ಪುಸ್ತಕವನ್ನು ಕಪಾಟಿನಲ್ಲಿಡುವುದಾದರೆ ಇಡು. ಯಾವ ಪುಟಕ್ಕೂ ಗುರುತಿಡಬೇಡ. ಯಾರಾದರೂ ಬಂದು, ಮೇಡಂ ಯಾವ ಪುಟ ಓದಲಿ ಎಂದು ಕೇಳಿದರೆ, ಮೊದಲಿಂದ ಕೊನೆಯವರೆಗೆ ಎಂದು ಹೇಳು. ಅವರು ಬೆರಳಿಟ್ಟು ಓದುವವರಾದರೆ ಪಕ್ಕದಲ್ಲಿ ಕೂತು ಓದಿ ಹೇಳು. ಬಿಟ್ಟುಬಿಟ್ಟು ಓದಬೇಡ.

ಇನ್ನು ಮೇಲೆ ನೀನು ನನ್ನನ್ನು ಚಿಕ್ಕಮ್ಮ ಎನ್ನುತ್ತೀಯೋ ಇಲ್ಲವೋ, ಗೊತ್ತಿಲ್ಲ. ನಿಮ್ಮವ್ವ ಆ ಪುಟವನ್ನು ಓದಿದಳೋ ಇಲ್ಲವೋ, ಗೊತ್ತಿಲ್ಲ. ನಾನು ಇನ್ನೊಂದು ಸಲ ಕೇಳಿದ್ದರೆ ಅವಳು ಏನನ್ನುತ್ತಿದ್ದಳು— ಅದೂ ಗೊತ್ತಿಲ್ಲ. ಕೇಳಲಿಲ್ಲ, ಅಷ್ಟು ಗೊತ್ತು.